ಆವ್ರಿಲ್ ಬಾರ್ಕರ್‌ಗೆ ಥೆಲ್ಮಾ ಓವನ್ ಆರಿಸಿಕೊಟ್ಟಿದ್ದು

ಥೆಲ್ಮಾ ಕ್ರಾಸ್ಲೀ ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ನೋಡಿಲ್ಲ. ಹತ್ತೊಂಬತ್ತು ವರ್ಷ ಒಂದೇ ಅಂಗಡಿಯಲ್ಲಿ ದುಡಿದಿದ್ದೇವೆ. ಆಕೆ ಮಾರಿದ ಓವನ್ನು, ಒಲೆಗಳನ್ನೆಲ್ಲ ಮನೆಮನೆಗೆ ಹೊತ್ತು ಕೂರಿಸಿದವನು ನಾನು, ಕ್ಲೈವ್. ಆದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಒಮ್ಮೆ ಪೋಸ್ಟ್ ಆಫೀಸಿನಲ್ಲಿ ಬ್ಯಾಂಕ್ ಮ್ಯಾನೇಜರೊಬ್ಬ ಆಕೆಯನ್ನು ತಳ್ಳಿಕೊಂಡು ಸಾಲಿನಲ್ಲಿ ಮುಂದೆ ನುಗ್ಗಿದ್ದನಂತೆ. ಹನ್ನೊಂದು ವರ್ಷವಾದ ಮೇಲೆ ಆ ಮಹಾಶಯ ಒಲೆ ಕೊಳ್ಳಲು ನಮ್ಮ ಅಂಗಡಿಗೆ ಬಂದ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಥೆಲ್ಮಾ ಅವನಿಗೆ, ಸರದಿ ಬರುವ ತನಕ ನಿಂತಿರಿ ಎಂದು ಹೇಳಿ ಕಾಲು ಗಂಟೆ ಧೂಳು ಒರೆಸಿದಳು. ಅವನು ನಿಂತಿದ್ದ ಕೂಡ.

ನಮ್ಮ ಹಾರ್ತ್‌ಡೆನ್ ಯಾರ್ಕ್‌ಷೈರಿನ ಕಣಿವೆಯೊಂದರಲ್ಲಿರುವ ಸಣ್ಣ ಊರು. ಥೆಲ್ಮಾ ಹುಟ್ಟಿದ್ದು ಕಾಲುವೆಯ ಪಕ್ಕದ ಸಾಲುಮನೆಯಲ್ಲಿ. ಅಪ್ಪ ಉಣ್ಣೆ ಗಿರಣಿಯಲ್ಲಿ ಬಣ್ಣ ಹಾಕುವವನು. ಅಮ್ಮ ಸತ್ತಾಗ ಥೆಲ್ಮಾಗೆ ಹನ್ನೊಂದು, ಅಕ್ಕ ನೋರೀನ್‌ಗೆ ಹದಿನೈದು. ನೋರೀನ್ ಸ್ಕೂಲು ಬಿಟ್ಟು ಒಲೆಯ ಮುಂದೆ ನಿಂತಳು. ತಂಗಿಗೆ ಜಡೆ ಹೆಣೆದಳು, ಬೂಟು ಪಾಲಿಶ್ ಮಾಡಿದಳು, ಅಪ್ಪನ ಕುಡಿತವನ್ನೂ ಸಹಿಸಿದಳು. ಥೆಲ್ಮಾಗೆ ಅಕ್ಕ ಎಂದರೆ ಅಮ್ಮನೇ. ಹದಿನೇಳಕ್ಕೆ ಥೆಲ್ಮಾ ಗ್ಯಾಸ್ ಕಂಪನಿಯ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದಳು. ಅದು ಮುಚ್ಚಿದ ಮೇಲೆ ನಮ್ಮ ಅಂಗಡಿಗೆ ಬಂದಳು. ನಡುವೆ ಒಂದು ಮದುವೆಯಾಯಿತು, ಹನ್ನೆರಡು ವರ್ಷಕ್ಕೆ ಗಂಡ ತೀರಿಕೊಂಡ, ಅಕ್ಕತಂಗಿಯರು ಮತ್ತೆ ಒಂದೇ ಸೂರಿನಡಿ ಬಂದರು.

ಓವನ್ ಮಾರುವುದರಲ್ಲಿ ಥೆಲ್ಮಾಳ ದಾರಿಯೇ ಬೇರೆ. ಬಂದವರಿಗೆ ಆಕೆ ಓವನ್ ತೋರಿಸುತ್ತಿರಲಿಲ್ಲ, ಮೊದಲು ಅವರನ್ನೇ ನೋಡುತ್ತಿದ್ದಳು. ಮಂಡಿನೋವು ಇದೆಯೇ? ಹಾಗಾದರೆ ಎದೆಯ ಎತ್ತರಕ್ಕೆ ಕೂರಿಸುವ ಓವನ್. ಎಡಗೈಯವರೇ? ಹಾಗಾದರೆ ಒಲೆಯ ತಿರುಪುಗಳು ಮುಂದೆ ಇರಲಿ. ಇಂಡಕ್ಷನ್ ಬೇಕು ಎಂದವರಿಗೆ ಮನೆಯ ಪಾತ್ರೆಗಳನ್ನು ಹೊತ್ತು ತರಲು ಹೇಳಿ, ಏಪ್ರನ್ನಿನ ಜೇಬಿನಿಂದ ಅಯಸ್ಕಾಂತ ತೆಗೆದು ತಳಕ್ಕೆ ಅಂಟಿಸಿ ನೋಡುತ್ತಿದ್ದಳು. ಅಂಟದಿದ್ದರೆ, ಮೊದಲು ಪಾತ್ರೆ ಬದಲಾಯಿಸಿ ಇಲ್ಲವೇ ಗ್ಯಾಸ್ ಒಲೆ ತಗೊಳ್ಳಿ ಎಂದು ಮುಖದ ಮೇಲೆ ಹೇಳುತ್ತಿದ್ದಳು. ಆಮೇಲೆ ಒಂದು ಹಾಳೆ ತುಂಬಿಸುತ್ತಿದ್ದಳು. ಭಾನುವಾರ ಎಷ್ಟು ಜನಕ್ಕೆ ಅಡುಗೆ, ಏನು ಅಡುಗೆ, ಓವನ್ನಿನ ಯಾವ ತಟ್ಟಿನಲ್ಲಿ, ಅಂದರೆ ಮೇಲಿನ ಕಂಬಿಯ ಮೇಲೋ ಕೆಳಗಿನದರ ಮೇಲೋ, ಏನಿಡುತ್ತೀರಿ, ಎಷ್ಟು ಶಾಖ, ಎಷ್ಟು ಹೊತ್ತು. ಕೊನೆಗೆ ಗುರುವಾರದ ಪರೀಕ್ಷೆ. ಬೀದಿಗೆ ಕಾಣುವ ಕಿಟಕಿಯ ಹಿಂದೆ ವಯರು, ಪೈಪು ಎಲ್ಲ ಜೋಡಿಸಿ ಕೆಲಸ ಮಾಡುವಂತೆ ಇಟ್ಟಿದ್ದ ಓವನ್ನುಗಳಿದ್ದವು. ಕೊಳ್ಳುವವರು ತಮ್ಮ ತಟ್ಟೆ, ತಮ್ಮ ಹಿಟ್ಟು ತಂದು ಅಲ್ಲೇ ಬೇಯಿಸಿ ನೋಡಬೇಕು. ಬೆಂದದ್ದನ್ನು ಬೀದಿಯಲ್ಲಿ ಹೋಗುವವರೆಲ್ಲ ಒಳಬಂದು ತಿನ್ನುತ್ತಿದ್ದರು. ಊರಿಗೆ ಇದೊಂದು ರೂಢಿಯಾಗಿಬಿಟ್ಟಿತ್ತು. ಗುರುವಾರ ಹನ್ನೊಂದಕ್ಕೆ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಇನ್ನು ಆವ್ರಿಲ್ ಬಾರ್ಕರ್. ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹರಾಜು ಕೂಗುವ ಡೆಸ್ಮಂಡ್ ಬಾರ್ಕರ್‌ನ ಹೆಂಡತಿ. ಡೆಸ್ಮಂಡ್ ಊರಿನ ವರ್ತಕರ ಸಂಘದ ಅಧ್ಯಕ್ಷ. ‘ನಮ್ಮೂರಲ್ಲೇ ಕೊಳ್ಳಿ’ ಎಂದು ಪ್ರತಿ ಅಂಗಡಿಯ ಗಾಜಿಗೂ ಚೀಟಿ ಅಂಟಿಸಿದವನು ಅವನೇ. ಅವರ ಮನೆಯ ಭಾನುವಾರದ ಊಟಕ್ಕೆ ಕರೆ ಬಂತೆಂದರೆ ಊರಲ್ಲಿ ಒಂದು ಗೌರವ. ಅದರಲ್ಲೂ ಆವ್ರಿಲ್‌ಳ ಯಾರ್ಕ್‌ಷೈರ್ ಪುಡಿಂಗ್. ಹೆಸರು ಪುಡಿಂಗ್ ಆದರೂ ಸಿಹಿಯಲ್ಲ. ಮೊಟ್ಟೆ, ಮೈದಾ, ಹಾಲಿನ ತೆಳು ಹಿಟ್ಟನ್ನು ಹೊಗೆಯಾಡುವ ಕೊಬ್ಬಿಗೆ ಸುರಿದು ಓವನ್ನಿನಲ್ಲಿಟ್ಟರೆ ಬಟ್ಟಲಿನ ಹಾಗೆ ಉಬ್ಬಿ ಗರಿಗರಿಯಾಗಬೇಕು, ಅದರ ಹೊಟ್ಟೆಗೆ ಮಾಂಸದ ರಸದ ಗ್ರೇವಿ ಸುರಿದು ತಿನ್ನಬೇಕು. ಆ ಮನೆಯ ಪುಡಿಂಗ್ ಅಂಗೈಯಗಲ ಎದ್ದು ನಿಲ್ಲುತ್ತಿತ್ತು. ಆ ಹೆಸರಿನ ಮೇಲೆಯೇ ಆವ್ರಿಲ್‌ಳನ್ನು ಊರಿನ ವಾರ್ಷಿಕ ಪ್ರದರ್ಶನದಲ್ಲಿ ಅಡುಗೆಯ ತೀರ್ಪುಗಾರಳನ್ನಾಗಿ ಮಾಡಿದರು. ಒಂಬತ್ತು ವರ್ಷ ಆಕೆ ಕಡ್ಡಿ ಹಿಡಿದು ಇತರರ ಕೇಕುಗಳನ್ನು ಚುಚ್ಚಿದಳು. ಪ್ರತಿ ತಟ್ಟೆಯ ಮುಂದೆ ಒಂದು ಚೀಟಿ ಬರೆದಿಡುವಳು. ‘ಮಧ್ಯದಲ್ಲಿ ಹಸಿ. ಗಮನ ಸಾಲದು.’ ನನ್ನ ಹೆಂಡತಿ ಆ ಚೀಟಿ ಓದಿದ ಮೇಲೆ ಎರಡು ವರ್ಷ ಕೇಕಿನ ತಂಟೆಗೇ ಹೋಗಲಿಲ್ಲ.

ಆ ಪುಡಿಂಗ್‌ಗಳನ್ನು ಮಾಡುತ್ತಿದ್ದವಳು ನೋರೀನ್. ಹೇಳಿಕೊಳ್ಳಲಿಕ್ಕೆ ಆಕೆ ಆ ಮನೆಯ ನೆಲ, ಗಾಜು ಒರೆಸುವವಳು. ಆದರೆ ಇಪ್ಪತ್ತೆರಡು ವರ್ಷ ಭಾನುವಾರಗಳಲ್ಲಿ ಹಿಂಬಾಗಿಲಿನಿಂದ ಒಳಬಂದು ಅಡುಗೆಯೆಲ್ಲ ಮುಗಿಸಿ ಹಿಂಬಾಗಿಲಿನಿಂದಲೇ ಹೋಗುತ್ತಿದ್ದಳು. ಊಟದ ಮನೆಗೂ ಅಡುಗೆಮನೆಗೂ ನಡುವಿನ ಬಾಗಿಲು ಮುಚ್ಚಿರುತ್ತಿತ್ತು, ಡೆಸ್ಮಂಡ್ ಅತ್ತ ತಲೆ ಹಾಕುವವನೂ ಅಲ್ಲ. ಆವ್ರಿಲ್ ಒಗೆದ ಏಪ್ರನ್ ಕಟ್ಟಿಕೊಂಡು, ಹಣೆ ಒರೆಸಿಕೊಳ್ಳುತ್ತ, ತಟ್ಟೆ ಹಿಡಿದು ಅತಿಥಿಗಳ ಮುಂದೆ ಬರುತ್ತಿದ್ದಳು. ಬೆವರಿಲ್ಲದ ಹಣೆಯನ್ನು ಒರೆಸಿಕೊಳ್ಳುವುದಕ್ಕೂ ಒಂದು ಕಲೆ ಬೇಕು ಬಿಡಿ. ನೋರೀನ್ ಈ ವಿಷಯ ಯಾರ ಬಳಿಯೂ ಬಾಯಿ ಬಿಡಲಿಲ್ಲ. ಕೆಲಸದ ಮನೆಯ ಮಾತು ಹೊಸಿಲು ದಾಟಬಾರದು ಎನ್ನುವವಳು ಆಕೆ. ಗೊತ್ತಿದ್ದವಳು ಒಂದೇ ಮನೆಯಲ್ಲಿದ್ದ ಥೆಲ್ಮಾ ಒಬ್ಬಳೇ.

ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ನೋರೀನ್‌ಳನ್ನು ಕೆಲಸದಿಂದ ಬಿಡಿಸಿದರು. ವಾರದೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಬೆಣ್ಣೆ, ಸಕ್ಕರೆ ಕೈಚೀಲದಲ್ಲಿ ಸಾಗಿಸುತ್ತಿದ್ದಳಂತೆ. ಪಾಪ, ಅಷ್ಟು ವರ್ಷ ದುಡಿದವಳು, ಅದಕ್ಕೇ ಪೊಲೀಸರಿಗೆ ಹೇಳಲಿಲ್ಲವಂತೆ. ಇದನ್ನು ಆವ್ರಿಲ್ ಚರ್ಚಿನ ಚಹಾ ಕೂಟದಲ್ಲಿ, ನಿಟ್ಟುಸಿರು ಬಿಡುತ್ತ, ಯಾರಿಗೂ ಹೇಳಬೇಡಿ ಎನ್ನುತ್ತ ಹೇಳಿದ್ದಳು. ನೋರೀನ್ ಕೆಲಸ ಮಾಡುತ್ತಿದ್ದ ಬೇರೆ ಎರಡು ಮನೆಯವರು ಬೀಗದ ಕೈ ವಾಪಸು ಕೇಳಿದರು. ಅಂಗಡಿಗೆ ಹೋದರೆ ಆಕೆಯ ಚೀಲದ ಕಡೆಗೇ ಜನರ ಕಣ್ಣು. ಅರವತ್ತಾರು ವರ್ಷದ ಹೆಂಗಸು, ಹರೆಯವನ್ನೆಲ್ಲ ಪರರ ಮಸಿ ತಿಕ್ಕುವುದರಲ್ಲಿ ಕಳೆದವಳು, ಕಳ್ಳಿ ಅನ್ನಿಸಿಕೊಂಡು ಮನೆಯಲ್ಲಿ ಕೂತಳು. ಅಷ್ಟರಲ್ಲಿ ಆಕೆಯ ಕೈಗೂ ನಡುಕ ಬಂದಿತ್ತು, ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿತ್ತು. ಇಗೋ ನೋಡಿ, ಪುಡಿಂಗ್ ಮಾಡುತ್ತಿದ್ದವಳು ನಾನೇ ಎಂದು ಮಾಡಿ ತೋರಿಸುವ ಹಾಗೂ ಇರಲಿಲ್ಲ.

ಥೆಲ್ಮಾ ಅಂದೇ ಕೋಟು ಹಾಕಿಕೊಂಡು ಬಾರ್ಕರ್ ಮನೆಗೆ ಹೊರಟಿದ್ದಳು. ನೋರೀನ್ ಬಾಗಿಲಿಗೆ ಅಡ್ಡ ನಿಂತು, ಆ ಮನೆಯ ಮೆಟ್ಟಿಲು ಹತ್ತಕೂಡದು ಎಂದು ಆಣೆ ಹಾಕಿಸಿಕೊಂಡಳಂತೆ. ಮರುದಿನ ಅಂಗಡಿಯಲ್ಲಿ ಥೆಲ್ಮಾ ನನಗೆ ಇದನ್ನೆಲ್ಲ ಹೇಳಿದಳು. ಅಳಲಿಲ್ಲ. ಓವನ್ನಿನ ಗಾಜು ಉಜ್ಜುತ್ತಲೇ ಇದ್ದಳು.

"ನಾನು ಅವಳ ಬಾಗಿಲಿಗೆ ಹೋಗಲ್ಲ ಕಣೋ ಕ್ಲೈವ್, ಆಣೆ ಹಾಕಿದೀನಿ. ಅವಳೇ ನನ್ನ ಬಾಗಿಲಿಗೆ ಬರ್ತಾಳೆ. ಅವಳ ಮನೆ ಓವನ್‌ಗೆ ಈಗ ಹದಿನಾರು ವರ್ಷ. ಅದಕ್ಕೂ ಆಯಸ್ಸು ಅಂತ ಒಂದಿದೆ."

ಮೂರು ವರ್ಷ ಕಾದಳು. ಈ ನಡುವೆ ಬಾರ್ಕರ್ ಮನೆಯ ಭಾನುವಾರದ ಊಟ ನಿಂತೇಹೋಗಿತ್ತು. ಕೇಳಿದವರಿಗೆಲ್ಲ ಆವ್ರಿಲ್ ಒಂದೇ ಪಾಠ ಒಪ್ಪಿಸುತ್ತಿದ್ದಳು, ಓವನ್ ಕೈಕೊಟ್ಟಿದೆ, ಮೊದಲಿನ ಶಾಖ ಇಲ್ಲ. ಕೊನೆಗೆ ಕಳೆದ ಮಾರ್ಚ್‌ನಲ್ಲಿ ಅದು ನಿಜವಾಗಿಯೂ ಸತ್ತಿತು. ನೋಡಲು ನನ್ನನ್ನು ಕರೆಸಿದರು. ನಮ್ಮ ಕಸುಬಿನವರು ಮನೆಗಳನ್ನು ನೆನಪಿಡುವುದು ಚಹಾದಿಂದ. ಆ ಮನೆಯಲ್ಲಿ ಕೆಲಸದವರಿಗೆಂದೇ ಅಂಚು ಒಡೆದ ಮಗ್ಗೊಂದು ಸಿಂಕಿನ ಕೆಳಗೆ, ಫಿನಾಯಿಲ್ ಡಬ್ಬದ ಪಕ್ಕದಲ್ಲಿ ಇರುತ್ತದೆ. ಚಹಾ ಬಂತು, ಬಿಸ್ಕತ್ತು ಬರಲಿಲ್ಲ. ಓವನ್ನಿನ ಹಿಂಬದಿ ಬಿಚ್ಚಿ ನೋಡಿದೆ, ಇನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ ಎಂದೆ. ಅಂಗಡಿಗೆ ಬಂದು ಥೆಲ್ಮಾಗೆ ಸುದ್ದಿ ಮುಟ್ಟಿಸಿದೆ. ಆಕೆ ಪಕ್ಕದ ಬೇಕರಿಗೆ ಹೋಗಿ ನಮ್ಮಿಬ್ಬರಿಗೂ ಕ್ರೀಮ್ ಬನ್ನು ತಂದಳು.

ನಾಲ್ಕನೆಯ ದಿನ ಆವ್ರಿಲ್ ಗಂಡನ ಜೊತೆ ಬಂದಳು. ಬೇರೆ ಊರಿನಲ್ಲಿ ಕೊಳ್ಳಲು ದಾರಿಯಿರಲಿಲ್ಲ, ಗಂಡ ಅಂಟಿಸಿದ ಚೀಟಿ ನಮ್ಮ ಬಾಗಿಲ ಮೇಲೇ ಇತ್ತು. ಥೆಲ್ಮಾ ಏಪ್ರನ್ ಸರಿಮಾಡಿಕೊಂಡು, ಕುರ್ಚಿ ಎಳೆದು ಕೂರಿಸಿ, ಚಹಾ ಕೊಟ್ಟಳು, ಒಳ್ಳೆಯ ಕಪ್ಪಿನಲ್ಲಿ, ಬಿಸ್ಕತ್ತಿನ ಜೊತೆ. ನನಗೆ ಆಗಲೇ ಗೊತ್ತಾಯಿತು, ಆವ್ರಿಲ್‌ಳ ಕಥೆ ಮುಗಿಯಿತು ಎಂದು.

ಇದ್ದುದರಲ್ಲಿ ದುಬಾರಿಯದನ್ನು ಕೊಟ್ಟುಬಿಡು, ನನಗೆ ಹೆಚ್ಚು ಹೊತ್ತಿಲ್ಲ ಎಂದಳು ಆವ್ರಿಲ್. ಅಯ್ಯೋ, ನಿಮ್ಮಂಥ ಕೈಗೆ ಹಾಗೆಲ್ಲ ಕೊಡಲಾಗುತ್ತದೆಯೇ, ನಿಮ್ಮ ಪುಡಿಂಗ್‌ಗೆ ತಕ್ಕ ಓವನ್ ಆರಿಸಬೇಕಲ್ಲ ಎಂದು ಥೆಲ್ಮಾ ಹಾಳೆ ತೆಗೆದಳು. ಒಂದೊಂದಾಗಿ ಕೇಳಿದಳು. ಪುಡಿಂಗ್ ಯಾವ ತಟ್ಟಿನಲ್ಲಿಡುತ್ತೀರಿ? ಕೆಳಗಿನದರಲ್ಲಿ, ಎಂದಳು ಆವ್ರಿಲ್. ನನಗೆ ಚಹಾ ನೆತ್ತಿಗೇರಿತು. ಶಾಖವೆಲ್ಲ ಮೇಲಿರುತ್ತದೆ, ಪುಡಿಂಗ್ ಇಡುವುದು ಮೇಲೆ, ನಮ್ಮೂರಿನ ಮಕ್ಕಳಿಗೂ ಗೊತ್ತು. ಥೆಲ್ಮಾ ರೆಪ್ಪೆ ಮಿಟುಕಿಸದೆ ‘ಕೆಳಗಿನ ತಟ್ಟು’ ಎಂದು ಬರೆದುಕೊಂಡಳು. ಎಷ್ಟು ಶಾಖ? ನೂರಾ ಅರವತ್ತು. ಬರೆದುಕೊಂಡಳು. ಆ ಶಾಖದಲ್ಲಿ ಬೇಕಿದ್ದರೆ ಕಾಲುಚೀಲ ಒಣಗಿಸಬಹುದು. ಗ್ರೇವಿ ದೊಡ್ಡ ಉರಿಯ ಮೇಲೋ ಚಿಕ್ಕದರ ಮೇಲೋ? ಆವ್ರಿಲ್ ಗಂಡನ ಮುಖ ನೋಡಿದಳು. ಡೆಸ್ಮಂಡ್ ಕಿಟಕಿಯಾಚೆ ನೋಡುತ್ತಿದ್ದ.

ಒಂದು ಮಾತು ಇಲ್ಲಿ ಹೇಳಲೇಬೇಕು. ಥೆಲ್ಮಾ ಆಕೆಗೆ ಕೆಟ್ಟ ಓವನ್ ಆರಿಸಲಿಲ್ಲ. ನಾನಾಗಿದ್ದರೆ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ, ಬಾಗಿಲು ಸೊಟ್ಟಗಿದ್ದದ್ದನ್ನು ತಗುಲಿಹಾಕುತ್ತಿದ್ದೆ, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ. ಥೆಲ್ಮಾ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಕೆಟ್ಟ ಓವನ್ ಕೊಟ್ಟರೆ ಅವಳಿಗೆ ಇನ್ನೂ ಹತ್ತು ವರ್ಷ ಹೇಳಿಕೊಳ್ಳಲು ನೆಪ ಸಿಗುತ್ತದೆ, ಆ ನೆಪವನ್ನೇ ನಾನು ಕಿತ್ತುಕೊಳ್ಳಬೇಕಾಗಿರುವುದು ಎಂದಳು. ಅಂಗಡಿಯಲ್ಲಿದ್ದುದರಲ್ಲೇ ಉತ್ತಮವಾದದ್ದನ್ನು ಆರಿಸಿದಳು. ಎರಡು ಖಾನೆಯ ಓವನ್, ಮೂರು ಪದರ ಗಾಜಿನ ಬಾಗಿಲು, ಒಳಗೆ ಹಗಲಿನಂಥ ದೀಪ. ಐದು ಉರಿಯ ಗ್ಯಾಸ್ ಒಲೆ, ಯಾಕೆಂದರೆ ಆವ್ರಿಲ್ ಆಮೇಲೆ ತಂದುಕೊಟ್ಟ ಪಾತ್ರೆಗಳಿಗೆ ಅಯಸ್ಕಾಂತ ಅಂಟಲಿಲ್ಲ. ಕಿಟಕಿಯ ಹಿಂದೆ ಆ ಓವನ್ನನ್ನು ಕೂರಿಸುವಾಗ ನನ್ನ ಕೈಯಲ್ಲಿ ಮಟ್ಟಗೋಲು ಇಡಿಸಿ ನಾಲ್ಕು ಮೂಲೆ ಅಳೆಸಿದಳು. ಒಳಗೆ ಉಷ್ಣಮಾಪಕ ಇಟ್ಟು ಮೂರು ದಿನ ಮೂರು ಹೊತ್ತು ನೋಡಿದೆವು. ಇನ್ನೂರಿಪ್ಪತ್ತಕ್ಕೆ ತಿರುಗಿಸಿದರೆ ಇನ್ನೂರಿಪ್ಪತ್ತೇ, ಒಂದು ಡಿಗ್ರಿ ಆಚೆಯಿಲ್ಲ ಈಚೆಯಿಲ್ಲ.

ಗುರುವಾರದ ಪರೀಕ್ಷೆಯಿಂದ ಆವ್ರಿಲ್ ಎಷ್ಟು ತಪ್ಪಿಸಿಕೊಳ್ಳಲು ನೋಡಿದಳೆಂದರೆ, ಮೊದಲ ವಾರ ಹಲ್ಲುನೋವು, ಎರಡನೆಯ ವಾರ ತಮ್ಮನ ಮಗಳ ನಿಶ್ಚಿತಾರ್ಥ. ಮೂರನೆಯ ವಾರ ಆಕೆ, ನನಗೆ ಪರೀಕ್ಷೆ ಬೇಕಿಲ್ಲ, ಹಾಗೇ ಕಳಿಸು ಎಂದು ಫೋನ್ ಮಾಡಿದಳು. ಥೆಲ್ಮಾ ಜೇನು ಸುರಿಯುವ ದನಿಯಲ್ಲಿ ಡೆಸ್ಮಂಡ್‌ಗೆ ಫೋನ್ ಮಾಡಿ, ಊರಿನ ತೀರ್ಪುಗಾರಳೇ ನಮ್ಮ ಕಿಟಕಿಯಲ್ಲಿ ಬೇಯಿಸಿದರೆ ಇಡೀ ಬೀದಿಗೆ ವ್ಯಾಪಾರ, ಸಂಘದ ಅಧ್ಯಕ್ಷರಿಗೆ ನಾನು ಇದನ್ನೆಲ್ಲ ಹೇಳಬೇಕೇ ಎಂದಳು. ಡೆಸ್ಮಂಡ್ ಎದೆಯುಬ್ಬಿಸಿ ಒಪ್ಪಿಕೊಂಡ. ಅರ್ಧ ಗಂಟೆಯಲ್ಲಿ ಬಾಗಿಲಿಗೆ ರಟ್ಟು ಬಿತ್ತು: ‘ಈ ಗುರುವಾರ ಮಿಸೆಸ್ ಬಾರ್ಕರ್ ಅವರ ಯಾರ್ಕ್‌ಷೈರ್ ಪುಡಿಂಗ್. ಎಲ್ಲರಿಗೂ ಸ್ವಾಗತ.’ ಮೀನಂಗಡಿಗೆ ಒಂದು, ಮಾಂಸದಂಗಡಿಗೆ ಒಂದು, ಚರ್ಚಿನ ಬಾಗಿಲಿಗೆ ಒಂದು ರಟ್ಟನ್ನು ನಾನೇ ಕಟ್ಟಿ ಬಂದೆ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ.

ಗುರುವಾರ ಐವತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಆವ್ರಿಲ್‌ಳ ಚೀಟಿ ಓದಿ ಹೊಟ್ಟೆ ಉರಿಸಿಕೊಂಡವರು. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ. ಬರಬೇಡ, ನಿನ್ನನ್ನು ನೋಡಿದರೆ ಅವಳು ಅರ್ಧಕ್ಕೇ ಓಡಿಹೋಗುತ್ತಾಳೆ ಎಂದು ಥೆಲ್ಮಾ ಅಕ್ಕನಿಗೆ ಹೇಳಿ ಬಂದಿದ್ದಳು. ಆದರೂ ನೋರೀನ್ ಬಸ್ಸು ಹತ್ತಿ ಬಂದು, ಒಳ್ಳೆಯ ಕೋಟು ತೊಟ್ಟು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದಳು. ಅವಳ ಎರಡೂ ಪಕ್ಕದ ಕುರ್ಚಿ ಖಾಲಿ. ಯಾರೂ ಕೂರಲಿಲ್ಲ.

ಆವ್ರಿಲ್ ಏಪ್ರನ್ ಕಟ್ಟಿಕೊಂಡು ತನ್ನ ಮನೆಯ ಹನ್ನೆರಡು ಗುಳಿಯ ಪುಡಿಂಗ್ ತಟ್ಟೆ ಹೊರತೆಗೆದಳು. ಅದು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಉಕ್ಕಿನ ನಾರು ಹಾಕಿ ತಿಕ್ಕಿಸಿ ತಂದಿದ್ದಳು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಡಿಂಗ್ ತಟ್ಟೆಯನ್ನು ನಮ್ಮ ಕಡೆ ಯಾರೂ ತಿಕ್ಕುವುದಿಲ್ಲ, ಬರೀ ಒರೆಸಿ ಇಡುತ್ತಾರೆ. ವರ್ಷಗಟ್ಟಲೆ ಕೊಬ್ಬು ಕುಡಿದು ಕಪ್ಪಾದ ತಟ್ಟೆಯಲ್ಲಿ ಮಾತ್ರ ಹಿಟ್ಟು ಅಂಟದೆ ಏಳುತ್ತದೆ. ಅಜ್ಜಿಯ ತಟ್ಟೆಯನ್ನು ತಿಕ್ಕಿದ್ದಕ್ಕೆ ಹೊಸ ಸೊಸೆಯೊಡನೆ ವರ್ಷವಿಡೀ ಮಾತು ಬಿಟ್ಟ ಅತ್ತೆಯಂದಿರು ನಮ್ಮೂರಲ್ಲಿದ್ದಾರೆ.

ತಟ್ಟೆಯ ಗುಳಿಗಳಿಗೆ ಕೊಬ್ಬು ಹಾಕಿ ಆವ್ರಿಲ್ ಓವನ್ನಿಗಿಟ್ಟಳು, ಎರಡೇ ನಿಮಿಷಕ್ಕೆ ಹೊರತೆಗೆದಳು. ಹಿಟ್ಟಿನ ಜಗ್ಗು ಎತ್ತಿದಳು. ಹಿಟ್ಟು ಕೊಬ್ಬಿಗೆ ಬಿದ್ದಾಗ ಚುಂಯ್ ಎನ್ನಬೇಕು. ಆ ಸದ್ದನ್ನು ತೊಟ್ಟಿಲಿನಿಂದ ಕೇಳಿ ಬೆಳೆದ ಐವತ್ತು ಜನ ಕಿವಿಗೊಟ್ಟು ನಿಂತಿದ್ದರು. ಹಿಟ್ಟು ಬಿತ್ತು. ಸದ್ದೇ ಬರಲಿಲ್ಲ. ಹಾಲು ಚೆಲ್ಲಿದ ಹಾಗೆ ಬಿತ್ತು ಅಷ್ಟೆ. ಮಾಂಸದಂಗಡಿಯವನ ಹೆಂಡತಿ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಓವನ್ನಿಗೆ ಹೋಗುವ ಮುಂಚೆಯೇ ಎಲ್ಲರಿಗೂ ಎಲ್ಲ ಗೊತ್ತಾಗಿಹೋಗಿತ್ತು. ಮೇಲಾಗಿ ಹತ್ತನೆಯ ನಿಮಿಷಕ್ಕೆ ಆಕೆ, ತಣ್ಣನೆ ಗಾಳಿ ತಾಗಿದರೆ ಪುಡಿಂಗ್ ಕುಸಿಯುತ್ತದೆ ಎಂಬುದೂ ಗೊತ್ತಿಲ್ಲದೆ, ಬಾಗಿಲು ತೆಗೆದು ಇಣುಕಿದಳು. ಥೆಲ್ಮಾ ಗಲ್ಲಾಪೆಟ್ಟಿಗೆಯ ಹಿಂದೆ ಕೈಕಟ್ಟಿ ನಿಂತಿದ್ದಳು. ಅವಳ ಮುಖ ನೋಡಬೇಕಿತ್ತು ನೀವು, ಮೂರು ವರ್ಷದ ಹಸಿವಿಗೆ ಊಟ ಬಡಿಸಿದ ಹಾಗಿತ್ತು.

ಪುಡಿಂಗ್ ಹೊರಬಂತು. ಹನ್ನೆರಡು ಚಪ್ಪಟೆ ಬಿಲ್ಲೆಗಳು, ಚಪ್ಪಲಿಯ ಅಟ್ಟೆಯಂಥವು. ಆಮೇಲೆ ಆದದ್ದು ಮಾತ್ರ ಥೆಲ್ಮಾ ಎಣಿಸಿರದ ಸಂಗತಿ. ಜನ ಅದನ್ನು ತಿಂದರು! ಚಾಕುವಿನಿಂದ ಗರಗಸ ಎಳೆದ ಹಾಗೆ ಕತ್ತರಿಸಿ, ಗ್ರೇವಿ ಸುರಿದು, ಅಗಿದು ಅಗಿದು ನುಂಗಿ, ಬಹಳ ಚೆನ್ನಾಗಿದೆ ಆವ್ರಿಲ್ ಎಂದರು. ನನ್ನ ಹೆಂಡತಿಯೂ ಚೆನ್ನಾಗಿದೆ ಎಂದಳು, ನಾಚಿಕೆಗೆಟ್ಟವಳು. ನಮ್ಮವರ ಸಭ್ಯತೆಗೆ ಬೆಂಕಿ ಬೀಳಲಿ. ಬೆನ್ನ ಹಿಂದೆ ಚರ್ಮ ಸುಲಿಯುತ್ತಾರೆ, ಎದುರಿಗೆ ಚರ್ಮವನ್ನೇ ತಿಂದು ಚೆನ್ನಾಗಿದೆ ಎನ್ನುತ್ತಾರೆ. ಆವ್ರಿಲ್‌ಗೆ ಜೀವ ಬಂತು. ಡೆಸ್ಮಂಡ್ ಬಾಯಲ್ಲಿದ್ದದ್ದನ್ನು ಹೇಗೋ ಒಳಗಿಳಿಸಿ, ಮೊದಲಿನ ಹಾಗೆ ಬಂದಿಲ್ಲವಲ್ಲ ಎಂದ. ಆಕೆ ತಡವರಿಸದೆ, ಈ ಓವನ್ನೂ ಸರಿಯಿಲ್ಲ, ಶಾಖ ಸಮವಾಗಿ ಹಂಚುತ್ತಿಲ್ಲ ಎಂದಳು.

ನನಗೆ ತಲೆಗೆ ರಕ್ತ ಏರಿತು. ಮೂರು ದಿನ ಅಳೆದ ಓವನ್! ನಾನು ಬಾಯಿ ತೆರೆಯುವಷ್ಟರಲ್ಲಿ ಥೆಲ್ಮಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊರಬಂದಿದ್ದಳು, ಮುಖ ಬಿಳುಚಿಕೊಂಡಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದ ಸಂಕಟ ಅದು. ಆಗ ಬಾಗಿಲ ಬಳಿಯಿಂದ ನೋರೀನ್ ಮಾತಾಡಿದಳು.

"ಜಗ್ಗಲ್ಲಿ ಇನ್ನೂ ಅರ್ಧ ಹಿಟ್ಟಿದೆ ಮಿಸೆಸ್ ಬಾರ್ಕರ್. ನಾನು ಹೇಳ್ತೀನಿ, ನೀವು ಮಾಡಿ. ತಪ್ಪು ಓವನ್ನಿಂದೋ ಅಲ್ವೋ ನೋಡೇ ಬಿಡೋಣ."

ಆವ್ರಿಲ್ ಕೈಗಡಿಯಾರ ನೋಡಿಕೊಂಡಳು. ಡೆಸ್ಮಂಡ್ ಓವನ್ನಿಗೆ ಮುಂಗಡ ಕಟ್ಟಿದ್ದವನು, ಮಾಡು ನೋಡೋಣ, ಕೆಟ್ಟದ್ದಾದರೆ ಈಗಲೇ ವಾಪಸು ಮಾಡಬಹುದಲ್ಲ ಎಂದ. ಇಲ್ಲವೆನ್ನಲು ಆಕೆಗೆ ದಾರಿಯಿರಲಿಲ್ಲ. ಥೆಲ್ಮಾ ನಮ್ಮ ಅಂಗಡಿಯ ಕಪ್ಪು ತಟ್ಟೆ ತಂದಿಟ್ಟಳು.

ನೋರೀನ್ ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಹೇಳುತ್ತ ಹೋದಳು. ಮೇಲಿನ ತಟ್ಟು. ಇನ್ನೂರಿಪ್ಪತ್ತು. ಕೊಬ್ಬು ಹಾಕಿ. ಅಷ್ಟಲ್ಲ, ಕಿರುಬೆರಳಿನ ಉಗುರಿನಷ್ಟು. ಬಾಗಿಲು ಮುಚ್ಚಿ. ಈಗ ಸುಮ್ಮನಿರಿ. ಆವ್ರಿಲ್ ಬಾಗಿಲಿಗೆ ಕೈಯಿಟ್ಟಳು. ಇನ್ನೂ ಇಲ್ಲ, ಎಂದಳು ನೋರೀನ್. ಎರಡು ನಿಮಿಷಕ್ಕೆ ಮತ್ತೆ ಕೈಯಿಟ್ಟಳು. ಇಲ್ಲ ಅಂದೆನಲ್ಲ, ಎಂದಳು. ಇಪ್ಪತ್ತೆರಡು ವರ್ಷ ಹುಕುಂ ಚಲಾಯಿಸಿದವಳು ಐವತ್ತು ಜನರೆದುರು ಕೈ ಹಿಂದೆಳೆದುಕೊಂಡಳು. ಕೊಬ್ಬು ಹೊಗೆಯಾಡಿತು. ಈಗ, ಎಂದಳು ನೋರೀನ್. ಹಿಟ್ಟು ಬಿತ್ತು, ಚುಂಯ್ ಎಂದಿತು. ಅಂಗಡಿ ತುಂಬ ಒಂದು ಉಸಿರು ಬಿಟ್ಟ ಸದ್ದು ಬಂತು. ನನ್ನ ಹೆಂಡತಿ ಎದ್ದು ಹೋಗಿ ನೋರೀನ್ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು.

ಮೂರು ಪದರ ಗಾಜಿನ ಹಿಂದೆ, ಹಗಲಿನಂಥ ಬೆಳಕಿನಲ್ಲಿ, ಹನ್ನೆರಡೂ ಪುಡಿಂಗ್ ಏಳತೊಡಗಿದವು. ಅಂಚು ಮೇಲೆ ಬಂತು, ಹೊಟ್ಟೆ ಕುಳಿಯಾಯಿತು, ಬಂಗಾರದ ಬಣ್ಣ ಏರಿತು. ಬಾರ್ಕರ್ ಮನೆಯಲ್ಲಿ ಉಂಡವರೆಲ್ಲ ಅವನ್ನು ಗುರುತು ಹಿಡಿದರು. ಡೆಸ್ಮಂಡ್ ಬಗ್ಗಿ ನೋಡಿದ, ಹೆಂಡತಿಯನ್ನು ನೋಡಿದ, ನೋರೀನ್‌ಳನ್ನು ನೋಡಿದ. ಇಪ್ಪತ್ತೆರಡು ವರ್ಷ ಉಂಡವನಿಗೆ ಆಗ ಅರ್ಥವಾಯಿತು.

ಹದಿನೆಂಟು ನಿಮಿಷವಾಯಿತು. ಬೇಗ ತೆಗೆದರೆ ಕುಸಿದುಬೀಳುತ್ತವೆ, ತಡವಾದರೆ ಸುಡುತ್ತವೆ. ಯಾವಾಗ ತೆಗೆಯಬೇಕೆಂದು ಆವ್ರಿಲ್‌ಗೆ ಗೊತ್ತಿಲ್ಲ, ಆಕೆಗೆ ಗೊತ್ತಿಲ್ಲವೆಂದು ಇಡೀ ಅಂಗಡಿಗೆ ಗೊತ್ತು. ಆಕೆ ನೋರೀನ್ ಕಡೆ ತಿರುಗಿ, ಈಗ ತೆಗೆಯಲಾ ಎಂದು ಕೇಳಿದಳು.

"ಹೇಳ್ತೀನಿ," ಎಂದಳು ನೋರೀನ್. "ಅದಕ್ಕೆ ಮುಂಚೆ ಬೆಣ್ಣೆ ವಿಷಯ ನೀವು ಹೇಳಿ."

ಆವ್ರಿಲ್ ಯಾವ ಬೆಣ್ಣೆ ಎಂದಳು. ನೋರೀನ್ ಗಾಜಿನ ಕಡೆಗೆ ಕಣ್ಣು ತೋರಿಸಿದಳು. ಗಾಜಿನ ಹಿಂದೆ ಬಂಗಾರದ ಬಣ್ಣ ಕಂದು ಬಣ್ಣಕ್ಕೆ ತಿರುಗಿತು. ಆವ್ರಿಲ್ ಗಂಡನ ಕಡೆ ನೋಡಿದಳು, ಅವನು ಕೈಕಟ್ಟಿಕೊಂಡು ನಿಂತಿದ್ದ. ಜನರ ಕಡೆ ನೋಡಿದಳು. ಈಗ ಯಾರೂ ಸಭ್ಯರಾಗಿ ಕಿಟಕಿಯಾಚೆ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಆಕೆಯ ಮೇಲೆ ನೆಟ್ಟಿತ್ತು. ಒಂದು ಪುಡಿಂಗ್‌ನ ಅಂಚು ಕಪ್ಪಾಗತೊಡಗಿತು. ಸುಡಲಿ, ಬೂದಿಯಾಗಲಿ, ಇವಳು ಬಾಯಿ ಬಿಡುವ ತನಕ ನಾನು ಗ್ಯಾಸ್ ಆರಿಸುವುದಿಲ್ಲ ಎಂದುಕೊಂಡೆ ನಾನು. ಓವನ್ ಕ‌ರೆಂಟಿನದು ಎಂಬುದೂ ಆ ಸಿಟ್ಟಿನಲ್ಲಿ ನನಗೆ ಮರೆತುಹೋಗಿತ್ತು.

"ಬೆಣ್ಣೆ ಯಾರೂ ತಗೊಂಡಿರ್ಲಿಲ್ಲ," ಎಂದಳು ಆವ್ರಿಲ್ ನೆಲ ನೋಡುತ್ತ. "ಅವತ್ತು ಅವಳ ಕೈ ನಡುಗಿ ತಟ್ಟೆ ಬಿತ್ತು. ಇನ್ನು ಅವಳ ಕೈಲಿ ಆಗಲ್ಲ ಅಂತ ಗೊತ್ತಾಯ್ತು. ಅಡುಗೆ ಮಾಡಕ್ಕಾಗಲ್ಲ ಅಂತ ಬಿಡಿಸಿದೆ ಅಂದ್ರೆ, ಅಡುಗೆ ಮಾಡ್ತಿದ್ದಿದ್ದು ಯಾರು ಅಂತ ಎಲ್ಲರೂ ಕೇಳ್ತಿದ್ರು. ಅದಕ್ಕೆ... ಬೆಣ್ಣೆ ಅಂದೆ."

ಥೆಲ್ಮಾ ಓವನ್ನಿಗೂ ಆವ್ರಿಲ್‌ಗೂ ನಡುವೆ ಬಂದು ನಿಂತಳು. ಇಡೀ ಬದುಕು ಗಿರಾಕಿಗಳ ಎದುರು ತಗ್ಗಿಸಿಕೊಂಡು ಬಂದ ದನಿಯನ್ನು ಆಕೆ ಅವತ್ತೂ ಏರಿಸಲಿಲ್ಲ.

"ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ ಮಿಸೆಸ್ ಬಾರ್ಕರ್. ಇನ್ನೊಂದ್ಸಲ ಹೇಳಿ. ತಲೆ ಎತ್ತಿ ಹೇಳಿ."

ಆವ್ರಿಲ್ ತಲೆ ಎತ್ತಿದಳು. ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿದಳು, ಬಾಗಿಲ ಹೊರಗೆ ಫುಟ್‌ಪಾತಿನಲ್ಲಿ ನಿಂತವರಿಗೂ ಕೇಳಿಸುವ ಹಾಗೆ. ನನಗೆ ಒಂದಿಷ್ಟೂ ಮರುಕ ಬರಲಿಲ್ಲ, ಬರಬೇಕಿತ್ತು ಎಂದೂ ಅನ್ನಿಸಿಲ್ಲ.

ಥೆಲ್ಮಾ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಎಲ್ಲರೂ ನೋರೀನ್ ಕಡೆ ತಿರುಗಿದರು. ಆಕೆ ಕೂತಲ್ಲಿಂದಲೇ ಗಾಜನ್ನು ಇನ್ನೊಂದು ಸಲ ನೋಡಿದಳು.

"ಈಗ ತೆಗೀರಿ," ಎಂದಳು.